ಸರಾಸರಿಯ ಮರೆಯಲ್ಲಿ ಉಳಿದವರು: ತಂಬಾಕು ನಿಯಂತ್ರಣ ಒಪ್ಪಂದದ ಸದಸ್ಯ ರಾಷ್ಟ್ರಗಳಿಗೆ ಬಹಿರಂಗ ಪತ್ರ

ಗೆ,
ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಚೌಕಟ್ಟು ಒಪ್ಪಂದದ ಸದಸ್ಯ ರಾಷ್ಟ್ರಗಳ ಆರೋಗ್ಯ ಸಚಿವರು, ನಿಯಂತ್ರಣ ಪ್ರಾಧಿಕಾರಗಳ ಮುಖ್ಯಸ್ಥರು ಹಾಗೂ ಆರೋಗ್ಯ ಸಂಶೋಧನೆಗೆ ಅನುದಾನ ನೀಡುವ ಸಂಸ್ಥೆಗಳ ನಿರ್ದೇಶಕರಿಗೆ

ವಿಷಯ: ತಂಬಾಕು ನಿಯಮಗಳ ಫಲವನ್ನು ಸರಾಸರಿಯಿಂದ ಅಳೆಯುವುದನ್ನು ಬಿಟ್ಟು, ಜನವರ್ಗಗಳ ನಡುವಿನ ಆರೋಗ್ಯದ ಅಂತರ ಎಷ್ಟು ತಗ್ಗಿತು ಎಂಬುದರಿಂದ ಅಳೆಯಬೇಕೆಂಬ ಮನವಿ

ಮಾನ್ಯರೇ,

2003ರ ಮೇ 21ರಂದು ಅಂಗೀಕಾರಗೊಂಡು 2005ರ ಫೆಬ್ರವರಿ 27ರಿಂದ ಜಾರಿಯಲ್ಲಿರುವ ತಂಬಾಕು ನಿಯಂತ್ರಣ ಒಪ್ಪಂದಕ್ಕೆ ಇಂದು 183 ಸದಸ್ಯರಿದ್ದಾರೆ. 2000ನೇ ಇಸವಿಯಲ್ಲಿ ಜಗತ್ತಿನ ವಯಸ್ಕರ ಪೈಕಿ ಮೂವರಲ್ಲಿ ಒಬ್ಬರು ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಈಗ ಆ ಪ್ರಮಾಣ ಐವರಲ್ಲಿ ಒಬ್ಬರಿಗೆ ಇಳಿದಿದೆ. ತೆರಿಗೆ ಏರಿಸಿದ, ಜಾಹೀರಾತು ನಿಲ್ಲಿಸಿದ, ಪೊಟ್ಟಣದ ಮೇಲೆ ರೋಗದ ಚಿತ್ರ ಅಚ್ಚು ಹಾಕುವಂತೆ ಕಂಪನಿಗಳನ್ನು ಮಣಿಸಿದ ಸರ್ಕಾರಗಳಿಗೆ ಇದರ ಶ್ರೇಯಸ್ಸು ಸಲ್ಲಲೇಬೇಕು. ಉರುಗ್ವೆ ಕಡ್ಡಾಯ ಮಾಡಿದ ಎಚ್ಚರಿಕೆ ಚಿತ್ರಗಳ ವಿರುದ್ಧ ಸಿಗರೇಟು ಕಂಪನಿ ಫಿಲಿಪ್ ಮಾರಿಸ್ 2010ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿಯಲ್ಲಿ ಹೂಡಿದ ದಾವೆಯನ್ನು ಆ ಪುಟ್ಟ ದೇಶ ಎದುರಿಸಿ ನಿಂತು 2016ರ ಜುಲೈನಲ್ಲಿ ಗೆದ್ದದ್ದು ನಿಮ್ಮೆಲ್ಲರ ಧೈರ್ಯವನ್ನೂ ಹೆಚ್ಚಿಸಿದ ಸಂಗತಿ.

ಆದರೂ ಈ ಪತ್ರ ಬರೆಯುವ ಅಗತ್ಯ ಬಿದ್ದಿದೆ. ಉಳಿದಿರುವ ಸುಮಾರು 120 ಕೋಟಿ ಬಳಕೆದಾರರಲ್ಲಿ ನೂರಕ್ಕೆ ಎಂಬತ್ತರಷ್ಟು ಮಂದಿ ಕಡಿಮೆ ಮತ್ತು ಮಧ್ಯಮ ವರಮಾನದ ದೇಶಗಳವರು. ಸಿರಿವಂತ ದೇಶಗಳ ಒಳಗೆ ನೋಡಿದರೂ ಸೇದುವವರಾಗಿ ಉಳಿದಿರುವವರು ಹೆಚ್ಚಾಗಿ ಬಡವರು, ಕಡಿಮೆ ಓದಿದವರು, ಮೂಲನಿವಾಸಿ ಸಮುದಾಯಗಳವರು, ಮನೋರೋಗದಿಂದ ಬಳಲುವವರು. ದೇಶದ ಒಟ್ಟು ಪ್ರಮಾಣ ಇಳಿಯುತ್ತಾ ಹೋದಂತೆ ರೋಗದ ಭಾರ ಇವರ ಹೆಗಲ ಮೇಲೆಯೇ ಶೇಖರಗೊಳ್ಳುತ್ತಿದೆ. ಒಟ್ಟು ಅಂಕಿಯನ್ನಷ್ಟೇ ನೋಡುವ ಸರ್ಕಾರಕ್ಕೆ ಇದು ಕಾಣಿಸುವುದಿಲ್ಲ. ನನ್ನ ಮನವಿ ಇಷ್ಟೇ: ನೀವು ಮುಂದೆ ಮಾಡುವ ಪ್ರತಿಯೊಂದು ತಂಬಾಕು ನಿಯಮವೂ ಈ ಅಂತರವನ್ನು ತಗ್ಗಿಸಿತೇ, ಹಿಗ್ಗಿಸಿತೇ ಎಂಬುದನ್ನು ಕಂಡುಹಿಡಿಯುವ ಸಂಶೋಧನೆ ಆ ನಿಯಮದ ಭಾಗವೇ ಆಗಿರಲಿ, ಮತ್ತು ಆ ಉತ್ತರಕ್ಕೆ ನೀವು ಬದ್ಧರಾಗಿರಿ.

ಈ ಅಂತರ ಮೊದಲಿನಿಂದಲೂ ಇದ್ದದ್ದಲ್ಲ. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಬ್ರಿಟನ್ನಿನ ಗಂಡಸರಲ್ಲಿ ತಂಬಾಕು ಸೇದದವರೇ ಕಡಿಮೆ. ವೈದ್ಯರೂ ಸೇದುತ್ತಿದ್ದರು, ಗಣಿ ಕಾರ್ಮಿಕರೂ ಸೇದುತ್ತಿದ್ದರು. 1950ರಲ್ಲಿ ಅಲ್ಲಿನ ಸಂಶೋಧಕರಾದ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಅವರು ಶ್ವಾಸಕೋಶದ ಕ್ಯಾನ್ಸರಿಗೂ ಧೂಮಪಾನಕ್ಕೂ ಇರುವ ನಂಟನ್ನು ಪ್ರಕಟಿಸಿದರು. ಅಮೆರಿಕದಲ್ಲಿ ಅದೇ ವರ್ಷ ವಿಂಡರ್ ಮತ್ತು ಗ್ರಹಾಂ ಅದೇ ಮಾತನ್ನು ಹೇಳಿದ್ದರು. ಮರುವರ್ಷ ಡಾಲ್ ಮತ್ತು ಹಿಲ್ ಬ್ರಿಟನ್ನಿನ ವೈದ್ಯರಿಗೆಲ್ಲ ಪತ್ರ ಬರೆದು ಅವರವರ ಧೂಮಪಾನದ ಅಭ್ಯಾಸವನ್ನು ಕೇಳಿದರು, ಉತ್ತರಿಸಿದ 34,439 ಪುರುಷ ವೈದ್ಯರನ್ನು ಐವತ್ತು ವರ್ಷಗಳ ಕಾಲ ಹಿಂಬಾಲಿಸಲಾಯಿತು. 2004ರಲ್ಲಿ ಪ್ರಕಟವಾದ ಲೆಕ್ಕ ಹೀಗಿತ್ತು: ಜೀವನವಿಡೀ ಸೇದಿದವರು ಸರಾಸರಿ 10 ವರ್ಷ ಬೇಗ ಸತ್ತಿದ್ದರು, 60ನೇ ವಯಸ್ಸಿನಲ್ಲಿ ಬಿಟ್ಟವರು ಅದರಲ್ಲಿ ಸುಮಾರು 3 ವರ್ಷವನ್ನು, 50ರಲ್ಲಿ ಬಿಟ್ಟವರು 6 ವರ್ಷವನ್ನು, 40ರಲ್ಲಿ ಬಿಟ್ಟವರು 9 ವರ್ಷವನ್ನು ಉಳಿಸಿಕೊಂಡಿದ್ದರು, 30ರಲ್ಲೇ ಬಿಟ್ಟವರು ಹೆಚ್ಚುಕಡಿಮೆ ಹತ್ತೂ ವರ್ಷಗಳನ್ನು.

ಆ ವೈದ್ಯರಲ್ಲಿ ಬಹಳಷ್ಟು ಮಂದಿ ತಮ್ಮ ಬಗ್ಗೆಯೇ ಹೊರಬರುತ್ತಿದ್ದ ಅಂಕಿಗಳನ್ನು ಓದಿ ಎಲ್ಲರಿಗಿಂತ ಮೊದಲು ಸಿಗರೇಟು ಬಿಟ್ಟರು. ಅವರ ಬೆನ್ನಿಗೆ ಓದಿದವರು, ಅನುಕೂಲಸ್ಥರು ಬಿಟ್ಟರು. ಗಣಿಯವರು, ಕಾರ್ಖಾನೆಯವರು ಸೇದುತ್ತಲೇ ಉಳಿದರು. ಪ್ರಭಾತ್ ಝಾ, ರಿಚರ್ಡ್ ಪೀಟೊ ಮತ್ತು ಸಂಗಡಿಗರು 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತೋರಿಸಿದಂತೆ, ಇಂಗ್ಲೆಂಡ್ ಮತ್ತು ವೇಲ್ಸ್, ಪೋಲೆಂಡ್ ಹಾಗೂ ಉತ್ತರ ಅಮೆರಿಕದಲ್ಲಿ ಮೇಲಿನ ಮತ್ತು ಕೆಳಗಿನ ಸಾಮಾಜಿಕ ಸ್ತರಗಳ ಗಂಡಸರ ನಡುವೆ, 35ರಿಂದ 69ರ ವಯಸ್ಸಿನ ಸಾವುಗಳಲ್ಲಿ ಇದ್ದ ವ್ಯತ್ಯಾಸದ ಅರ್ಧಕ್ಕಿಂತ ಹೆಚ್ಚು ಪಾಲು ಧೂಮಪಾನದ್ದೇ ಆಗಿತ್ತು. ಬಡವರು ಬೇಗ ಸಾಯುವುದಕ್ಕೆ ಕಾರಣಗಳನ್ನು ಹುಡುಕುವಾಗ ನಾವು ವಸತಿ, ಆಹಾರ, ಆಸ್ಪತ್ರೆಗಳ ಬಗ್ಗೆ ಸರಿಯಾಗಿಯೇ ಮಾತನಾಡುತ್ತೇವೆ. ಅರ್ಧಕ್ಕಿಂತ ಹೆಚ್ಚಿನ ಪಾಲನ್ನು ಹೊತ್ತ ಈ ಒಂದು ಕಾರಣ ಮಾತ್ರ ‘ಅವರವರ ಅಭ್ಯಾಸ’ ಎಂಬ ಖಾತೆಗೆ ಹೋಗಿಬಿಡುತ್ತದೆ.

ಇದರಿಂದ ತಿಳಿಯುವುದೇನೆಂದರೆ, ಒಳ್ಳೆಯ ಸಂಶೋಧನೆ ತಾನಾಗಿಯೇ ಸಮಾನತೆ ತರುವುದಿಲ್ಲ. ತಿಳಿವಳಿಕೆ ನೀಡಿ ಸುಮ್ಮನಾಗುವ ಕ್ರಮಗಳು ಬಿಡುವು, ಹಣ, ವೈದ್ಯರ ಸಲಹೆ ಇರುವವರನ್ನು ಮೊದಲು ತಲುಪುತ್ತವೆ ಮತ್ತು ಬಹಳ ಸಲ ಅಲ್ಲಿಗೇ ನಿಲ್ಲುತ್ತವೆ. ತೆರಿಗೆಯ ರೀತಿ ಬೇರೆ. ಬೆಲೆ ಶೇ. 10ರಷ್ಟು ಏರಿದರೆ ಸಿರಿವಂತ ದೇಶಗಳಲ್ಲಿ ಬಳಕೆ ಸುಮಾರು ಶೇ. 4ರಷ್ಟು, ಕಡಿಮೆ ಮತ್ತು ಮಧ್ಯಮ ವರಮಾನದ ದೇಶಗಳಲ್ಲಿ ಸುಮಾರು ಶೇ. 5ರಷ್ಟು ಇಳಿಯುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು; ಬೆಲೆಯ ಬಿಸಿ ಹೆಚ್ಚು ತಟ್ಟುವುದು ಕಡಿಮೆ ವರಮಾನದವರಿಗೆ ಮತ್ತು ಹದಿಹರೆಯದವರಿಗೆ. ಆದ್ದರಿಂದ ತೆರಿಗೆ ಬಡವರ ವಿರುದ್ಧ ಎಂಬ ಕಂಪನಿಗಳ ವಾದವನ್ನು ನಾನು ಒಪ್ಪುವುದಿಲ್ಲ. ಆದರೆ ಆ ವಾದದ ಒಂದು ಎಳೆಯಲ್ಲಿ ಹುರುಳಿದೆ. ಬಿಡಲಾಗದೆ ಉಳಿದ ಬಡವನು ತನ್ನ ದುಡಿಮೆಯ ಇನ್ನೂ ದೊಡ್ಡ ಪಾಲನ್ನು ಸರ್ಕಾರಕ್ಕೆ ಕೊಡುತ್ತಾನೆ, ಮತ್ತು ಹೆಚ್ಚಿನ ಕಡೆ ಆ ಹಣದಿಂದ ಅವನಿಗೆ ಚಟ ಬಿಡಿಸುವ ಒಂದು ಮಾತ್ರೆಯೂ ದಕ್ಕುವುದಿಲ್ಲ. ಚಿಲ್ಲರೆ ಬೆಲೆಯಲ್ಲಿ ತೆರಿಗೆಯ ಪಾಲು ಶೇ. 75ಕ್ಕೆ ಏರಲಿ ಎಂದು ಶಿಫಾರಸು ಮಾಡುವಾಗ, ಆ ಆದಾಯದ ನಿಗದಿತ ಭಾಗ ಉಚಿತ ಚಿಕಿತ್ಸೆಗೆ ಹೋಗಬೇಕೆಂಬ ಷರತ್ತನ್ನೂ ಕಾಯಿದೆಯಲ್ಲೇ ಬರೆಯಿರಿ.

ಇನ್ನು ಸಿಗರೇಟಿನ ವಿಷಯಕ್ಕೆ ಬರುತ್ತೇನೆ. ನಮ್ಮ ನಿಯಮಗಳಲ್ಲಿ ಹೆಚ್ಚಿನವು ಸೇದುವ ಮನುಷ್ಯನನ್ನು ಕುರಿತಿವೆ: ಎಲ್ಲಿ ಸೇದಬಾರದು, ಎಷ್ಟನೇ ವಯಸ್ಸಿನವರೆಗೆ ಕೊಳ್ಳಬಾರದು, ತಪ್ಪಿದರೆ ಎಷ್ಟು ದಂಡ. ವಸ್ತುವನ್ನು ಕುರಿತ ನಿಯಮಗಳು ತೀರಾ ಕಡಿಮೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗಿದೆ ಇದು. ಫಿಲ್ಟರ್ ಇರುವ ಒಂದು ಸಿಗರೇಟನ್ನು ಬೆಳಕಿಗೆ ಹಿಡಿದು ನೋಡಿದರೆ, ತುಟಿಗಿಡುವ ತುದಿಯಿಂದ ಬೆರಳಗಲದಷ್ಟು ದೂರದಲ್ಲಿ ಕಾಗದದ ಸುತ್ತಲೂ ಕಣ್ಣಿಗೆ ಕಂಡೂ ಕಾಣದಂಥ ರಂಧ್ರಗಳ ಸಾಲು ಹಲವು ಬ್ರಾಂಡುಗಳಲ್ಲಿ ಸಿಗುತ್ತದೆ. ಸಿಗರೇಟಿನ ಹೊಗೆಯಲ್ಲಿರುವ ಟಾರು ಎಂಬ ಅಂಟು ಪದಾರ್ಥವನ್ನೂ ಚಟ ಹಿಡಿಸುವ ನಿಕೋಟಿನನ್ನೂ ಅಳೆಯುವ ಯಂತ್ರ ನಿಮಿಷಕ್ಕೊಮ್ಮೆ, ಎರಡು ಸೆಕೆಂಡಿನ ಕಾಲ, 35 ಮಿಲಿಲೀಟರ್ ಹೊಗೆಯನ್ನು ಎಳೆಯುತ್ತದೆ. ಯಂತ್ರ ಎಳೆಯುವಾಗ ಆ ರಂಧ್ರಗಳಿಂದ ಹೊರಗಿನ ಗಾಳಿ ನುಗ್ಗಿ ಹೊಗೆ ತೆಳುವಾಗುತ್ತದೆ, ಅಳತೆ ಕಡಿಮೆ ಬರುತ್ತದೆ, ಪೊಟ್ಟಣದ ಮೇಲೆ ‘ಲೈಟ್’ ಎಂದು ಅಚ್ಚಾಗುತ್ತದೆ. ಮನುಷ್ಯ ಸೇದುವಾಗ ಅವನ ಬೆರಳೋ ತುಟಿಯೋ ಆ ರಂಧ್ರಗಳನ್ನೇ ಮುಚ್ಚಿಬಿಡುತ್ತದೆ; ಮುಚ್ಚದಿದ್ದರೂ ನಿಕೋಟಿನ್ ಸಾಲದೆ ಅವನು ಇನ್ನಷ್ಟು ಆಳವಾಗಿ, ಇನ್ನಷ್ಟು ಸಲ ಎಳೆಯುತ್ತಾನೆ. ಯಂತ್ರಕ್ಕೆ ಹಗುರವಾದ ಸಿಗರೇಟು ಅವನ ಶ್ವಾಸಕೋಶಕ್ಕೆ ಹಗುರವಾಗಲಿಲ್ಲ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಇದನ್ನು ಸವಿಸ್ತಾರವಾಗಿ ದಾಖಲಿಸಿದ್ದು 2001ರಲ್ಲಿ. ಅಷ್ಟು ಹೊತ್ತಿಗೆ ಒಂದು ತಲೆಮಾರು, ಬಿಡುವ ಬದಲು ‘ಲೈಟ್’ಗೆ ಬದಲಾಯಿಸಿಕೊಂಡು ಸಮಾಧಾನಪಟ್ಟಾಗಿತ್ತು. ಆ ಹೆಸರನ್ನು ಹಲವು ದೇಶಗಳು ನಿಷೇಧಿಸಿದವು, ರಂಧ್ರಗಳನ್ನು ಮಾತ್ರ ಹಾಗೇ ಬಿಟ್ಟವು. ಇದು ಬರೀ ಕಣ್ಣೊರೆಸುವ ತಂತ್ರ ಎಂದು ಹೇಳದೆ ವಿಧಿಯಿಲ್ಲ.

ಒಪ್ಪಂದದ 9 ಮತ್ತು 10ನೇ ವಿಧಿಗಳು ತಂಬಾಕು ಉತ್ಪನ್ನದ ಒಳಗೇನಿರಬೇಕು ಎಂಬುದನ್ನು ನಿಯಂತ್ರಿಸಲು ಮತ್ತು ಅದನ್ನು ಬಹಿರಂಗಪಡಿಸುವಂತೆ ಕಂಪನಿಗಳಿಗೆ ಹೇಳಲು ನಿಮಗೆ ದಾರಿ ತೋರಿಸಿವೆ. ಆ ದಾರಿಯಲ್ಲಿ ಹೋದವರು ಬೆರಳೆಣಿಕೆಯಷ್ಟು. ಅದರಲ್ಲಿ, ಪುದೀನದಲ್ಲಿರುವ, ಸಿಗರೇಟಿಗೂ ಬೆರೆಸುವ ಮೆಂಥಾಲ್‌ನ ಕಥೆ ಎಲ್ಲರೂ ಓದಬೇಕಾದದ್ದು. ಮೆಂಥಾಲ್ ಗಂಟಲಿನ ತಂಪನ್ನು ಗ್ರಹಿಸುವ ನರಗಳನ್ನು ಕೆಣಕಿ ಹೊಗೆಯ ಖಾರವನ್ನು ಮರೆಸುತ್ತದೆ. ಹೊಸದಾಗಿ ಸೇದುವ ಹುಡುಗನಿಗೆ ಮೊದಲ ಕೆಮ್ಮು ಬಾರದಂತೆ ನೋಡಿಕೊಳ್ಳುತ್ತದೆ. 1950ರ ದಶಕದ ಆರಂಭದಲ್ಲಿ ಅಮೆರಿಕದ ಕಪ್ಪು ಜನರಲ್ಲಿ ಸೇದುವವರ ಪೈಕಿ ಮೆಂಥಾಲ್ ಸಿಗರೇಟು ಬಳಸುತ್ತಿದ್ದವರು ಶೇ. 10ಕ್ಕಿಂತ ಕಡಿಮೆ. ಇಂದು ಆ ಪ್ರಮಾಣ ಶೇ. 80ನ್ನು ದಾಟಿದೆ, ಬಿಳಿಯರಲ್ಲಿ ಅದು ಇದರ ಅರ್ಧದಷ್ಟೂ ಇಲ್ಲ. ನಾಲಿಗೆಯ ರುಚಿ ಒಂದು ಸಮುದಾಯದಲ್ಲಿ ತಾನಾಗಿಯೇ ಹೀಗೆ ಬದಲಾಗುವುದಿಲ್ಲ. ಕಪ್ಪು ಜನರ ಬಡಾವಣೆಗಳನ್ನೂ ಪತ್ರಿಕೆಗಳನ್ನೂ ಆರಿಸಿಕೊಂಡು ದಶಕಗಟ್ಟಲೆ ನಡೆದ ಪ್ರಚಾರದ ವಿವರಗಳು, ನ್ಯಾಯಾಲಯಗಳ ಮೂಲಕ ಹೊರಬಂದ ಕಂಪನಿಗಳ ಸ್ವಂತ ಕಡತಗಳಲ್ಲೇ ಇವೆ.

2009ರ ಜೂನ್ 22ರಂದು ಜಾರಿಯಾದ ಅಮೆರಿಕದ ಕಾಯಿದೆ ಆಹಾರ ಮತ್ತು ಔಷಧ ಆಡಳಿತಕ್ಕೆ ತಂಬಾಕನ್ನು ನಿಯಂತ್ರಿಸುವ ಅಧಿಕಾರ ಕೊಟ್ಟಿತು. ಸಿಗರೇಟಿನಲ್ಲಿ ಹಣ್ಣು, ಸಿಹಿ, ಮಸಾಲೆಗಳ ಪರಿಮಳವನ್ನು ನಿಷೇಧಿಸಿತು. ಮೆಂಥಾಲನ್ನು ಮಾತ್ರ ಹೊರಗಿಟ್ಟಿತು. ಹದಿಮೂರು ವರ್ಷಗಳ ಅಧ್ಯಯನ, ಸಮಿತಿ, ಒತ್ತಾಯಗಳ ನಂತರ 2022ರಲ್ಲಿ ನಿಷೇಧದ ಪ್ರಸ್ತಾವ ಬಂತು, 2025ರ ಜನವರಿಯಲ್ಲಿ ಅದನ್ನು ಹಿಂದಕ್ಕೆ ಪಡೆಯಲಾಯಿತು. (ಅಮೆರಿಕ ನಿಮ್ಮ ಒಪ್ಪಂದಕ್ಕೆ ಸಹಿ ಹಾಕಿದೆಯೇ ಹೊರತು ಇಂದಿಗೂ ಸ್ಥಿರೀಕರಿಸಿಲ್ಲ, ಆದರೆ ಸಂಶೋಧನೆಯ ಬಹುಪಾಲು ಅಲ್ಲಿಂದಲೇ ಬರುವುದರಿಂದ ಅಲ್ಲಿನ ಉದಾಹರಣೆಗಳನ್ನು ಬಿಟ್ಟು ಮಾತನಾಡಲಾಗದು.) ಕೆನಡಾ 2017ರಲ್ಲಿ ದೇಶದಾದ್ಯಂತ ಮೆಂಥಾಲ್ ನಿಷೇಧಿಸಿತು, ಐರೋಪ್ಯ ಒಕ್ಕೂಟ 2020ರ ಮೇ 20ರಿಂದ. ಕೆನಡಾದಲ್ಲಿ ನಿಷೇಧಕ್ಕೆ ಮೊದಲೂ ಆಮೇಲೂ ಅದೇ ಜನರನ್ನು ಕೇಳಿ ನಡೆಸಿದ ಅಧ್ಯಯನದಲ್ಲಿ ಮೆಂಥಾಲ್ ಸೇದುತ್ತಿದ್ದವರು ಇತರರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಬಿಟ್ಟದ್ದು ಕಂಡುಬಂತು. ಅಂದರೆ ಸಾಕ್ಷ್ಯದ ಕೊರತೆಯಿಂದ ಅಮೆರಿಕದ ನಿಯಮ ನಿಲ್ಲಲಿಲ್ಲ. ಯಾವ ಸಮುದಾಯಕ್ಕೆ ಅದರಿಂದ ಅತಿ ಹೆಚ್ಚು ಲಾಭವಾಗುತ್ತಿತ್ತೋ ಅದರ ಜೀವಕ್ಕೆ ತುರ್ತಿನ ಬೆಲೆ ಕಟ್ಟಲಿಲ್ಲ, ಅಷ್ಟೆ.

ನಿಕೋಟಿನ್ ಪ್ರಮಾಣವನ್ನೇ ತಗ್ಗಿಸುವ ವಿಚಾರವೂ ಇದೇ ಹಾದಿಯಲ್ಲಿದೆ. ಚಟ ಹಿಡಿಸಲಾರದಷ್ಟು ಕಡಿಮೆ ನಿಕೋಟಿನ್ ಇರುವಂತೆ ಸಿಗರೇಟು ತಯಾರಿಸಬೇಕೆಂದು ಅಮೆರಿಕದ ಸಂಶೋಧಕರಾದ ನೀಲ್ ಬೆನೊವಿಟ್ಸ್ ಮತ್ತು ಜ್ಯಾಕ್ ಹೆನಿಂಗ್‌ಫೀಲ್ಡ್ ಸೂಚಿಸಿದ್ದು 1994ರಲ್ಲಿ. ಇಲ್ಲಿ ತಗ್ಗಿಸುವುದು ಯಂತ್ರದ ಅಳತೆಯನ್ನಲ್ಲ, ತಂಬಾಕಿನೊಳಗಿನ ನಿಕೋಟಿನನ್ನೇ. ಹಾಗಾಗಿ ರಂಧ್ರ ಮುಚ್ಚಿದರೂ, ಆಳವಾಗಿ ಎಳೆದರೂ ಹೆಚ್ಚೇನೂ ಸಿಗದು. 2015ರಲ್ಲಿ ಪ್ರಕಟವಾದ, ಎಂಟುನೂರಕ್ಕೂ ಹೆಚ್ಚು ಮಂದಿ ಭಾಗವಹಿಸಿದ ಪ್ರಯೋಗದಲ್ಲಿ, ಅತಿ ಕಡಿಮೆ ನಿಕೋಟಿನ್‌ನ ಸಿಗರೇಟು ಪಡೆದವರು ಆರು ವಾರಗಳಲ್ಲಿ ದಿನಕ್ಕೆ ಸೇದುವ ಸಂಖ್ಯೆಯನ್ನು ಇಳಿಸಿಕೊಂಡರು, ಅವರ ಅವಲಂಬನೆಯೂ ತಗ್ಗಿತು. ನನಗೆ ಇನ್ನೂ ಮುಖ್ಯವೆನಿಸಿದ್ದು ಅದರ ನಂತರ ನಡೆದ ಕೆಲಸ. ಖಿನ್ನತೆ ಮತ್ತು ಆತಂಕದಿಂದ ಬಳಲುವವರು, ಓಪಿಯಾಯ್ಡ್ (ಅಫೀಮಿನ ಜಾತಿಯ ಮಾದಕಗಳ) ವ್ಯಸನದಲ್ಲಿರುವವರು, ಬಡತನದಲ್ಲಿರುವ ಹೆಂಗಸರು, ಈ ಮೂರು ಗುಂಪುಗಳನ್ನೇ ಆರಿಸಿ ಅದೇ ಪ್ರಯೋಗವನ್ನು ಪುನಃ ಮಾಡಲಾಯಿತು, ಅಲ್ಲಿಯೂ ಸೇದುವ ಸಂಖ್ಯೆ ಇಳಿಯಿತು. ಸಾಮಾನ್ಯವಾಗಿ ಪ್ರಯೋಗಗಳಿಂದ ಹೊರಗಿಡಲ್ಪಡುವ ಜನರನ್ನೇ ಮುಂದಿಟ್ಟುಕೊಂಡು ನಿಯಮದ ಸಾಧ್ಯತೆಯನ್ನು ಪರೀಕ್ಷಿಸುವುದೆಂದರೆ ಇದು. ಒಂದು ಗ್ರಾಂ ತಂಬಾಕಿಗೆ 0.7 ಮಿಲಿಗ್ರಾಂ ನಿಕೋಟಿನ್ ಎಂಬ ಮಿತಿಯನ್ನು ಅಮೆರಿಕ 2025ರ ಜನವರಿಯಲ್ಲಿ ಪ್ರಸ್ತಾಪಿಸಿತು. ಮೂಲ ಸಲಹೆಗೆ ಅಷ್ಟರಲ್ಲಿ ಮೂವತ್ತು ವರ್ಷ ತುಂಬಿತ್ತು.

ನ್ಯೂಜಿಲೆಂಡ್ ಇದಕ್ಕಿಂತ ಮುಂದೆ ಹೋಗಿತ್ತು. 2022ರ ಡಿಸೆಂಬರ್‌ನಲ್ಲಿ ಅಲ್ಲಿನ ಸಂಸತ್ತು ಅಂಗೀಕರಿಸಿದ ಕಾಯಿದೆ ಸಿಗರೇಟಿನ ನಿಕೋಟಿನ್ ಇಳಿಸುವುದನ್ನು, ತಂಬಾಕು ಮಾರುವ ಮಳಿಗೆಗಳನ್ನು ಸುಮಾರು 6,000ದಿಂದ 600ಕ್ಕೆ ತರುವುದನ್ನು, 2009ರ ಜನವರಿ 1ರಿಂದೀಚೆಗೆ ಹುಟ್ಟಿದವರಿಗೆ ಎಂದೆಂದಿಗೂ ಮಾರದಿರುವುದನ್ನು ಒಟ್ಟಿಗೆ ತಂದಿತು. ಅದರ ಹಿಂದಿನ ಒತ್ತಾಸೆಯಲ್ಲಿ ಅಲ್ಲಿನ ಮೂಲನಿವಾಸಿಗಳಾದ ಮಾವೋರಿ ಸಮುದಾಯದ ನಾಯಕರ ಪಾಲು ದೊಡ್ಡದು, ಏಕೆಂದರೆ ಮಾವೋರಿಗಳಲ್ಲಿ ದಿನವೂ ಸೇದುವವರ ಪ್ರಮಾಣ ದೇಶದ ಸರಾಸರಿಯ ಎರಡು ಪಟ್ಟಿಗಿಂತ ಹೆಚ್ಚಿತ್ತು. 2023ರ ಚುನಾವಣೆಯ ನಂತರ ಬಂದ ಸರ್ಕಾರ, ಈ ಮೂರರಲ್ಲಿ ಒಂದೂ ಕಾರ್ಯರೂಪಕ್ಕೆ ಬರುವ ಮೊದಲೇ, 2024ರ ಫೆಬ್ರವರಿಯಲ್ಲಿ ಅವೆಲ್ಲವನ್ನೂ ರದ್ದು ಮಾಡಿತು. ಕಾಯಿದೆ ಫಲ ಕೊಡುತ್ತಿತ್ತೇ ಇಲ್ಲವೇ ಎಂಬ ಪ್ರಶ್ನೆಗೆ ಜಗತ್ತಿಗೆ ಸಿಗಬಹುದಾಗಿದ್ದ ಉತ್ತರವೂ ಅದರೊಂದಿಗೇ ಹೋಯಿತು. ಹೊಸ ಸರ್ಕಾರಕ್ಕೆ ಕಾನೂನು ಬದಲಿಸುವ ಹಕ್ಕು ಇದ್ದೇ ಇದೆ. ಆದರೆ ರದ್ದತಿಯಿಂದ ಯಾವ ವರ್ಗದಲ್ಲಿ ಎಷ್ಟು ಹೆಚ್ಚುವರಿ ಸಾವುಗಳಾಗಬಹುದು ಎಂಬ ಸ್ವತಂತ್ರ ಅಂದಾಜನ್ನು ಸದನದ ಮುಂದಿಡದೆ ಆರೋಗ್ಯ ಕಾಯಿದೆಯೊಂದನ್ನು ರದ್ದು ಮಾಡುವಂತಿಲ್ಲ ಎಂಬ ನಿಯಮವನ್ನು ನೀವೆಲ್ಲರೂ ನಿಮ್ಮ ನಿಮ್ಮ ದೇಶಗಳಲ್ಲಿ ತರಬಹುದು.

ನಿಯಂತ್ರಣ ಸಂಸ್ಥೆಯೊಂದು ಸರಿಯಾದ ಪ್ರಶ್ನೆ ಕೇಳಿದಾಗ ಏನಾಗುತ್ತದೆ, ತಡವಾಗಿ ಕೇಳಿದಾಗ ಏನಾಗುತ್ತದೆ ಎಂಬ ಎರಡಕ್ಕೂ ಸಿಗರೇಟಿನ ಚಟ ಬಿಡಿಸುವ ವ್ಯಾರೆನಿಕ್ಲಿನ್ ಮಾತ್ರೆ ಒಳ್ಳೆಯ ಉದಾಹರಣೆ. ಮನೋರೋಗವಿರುವವರು ಇತರರಿಗಿಂತ ಬಹಳ ಹೆಚ್ಚಿನ ಪ್ರಮಾಣದಲ್ಲಿ ಸೇದುತ್ತಾರೆ, ಹಲವು ವರ್ಷ ಮೊದಲೇ ಸಾಯುತ್ತಾರೆ. ಅವರ ಸಾವಿಗೆ ಮುಖ್ಯ ಕಾರಣಗಳಲ್ಲಿ ಹೃದಯ ಮತ್ತು ಶ್ವಾಸಕೋಶದ ಕಾಯಿಲೆಗಳಿವೆ. ಒಂದು ಕಾಲದಲ್ಲಿ ಮನೋರೋಗ ಆಸ್ಪತ್ರೆಗಳ ವಾರ್ಡುಗಳಲ್ಲಿ ಹೇಳಿದಂತೆ ಕೇಳಿದ್ದಕ್ಕೆ ಬಹುಮಾನವಾಗಿ ಸಿಗರೇಟು ಕೊಡುವ ಪದ್ಧತಿಯೂ ಇತ್ತು. ವ್ಯಾರೆನಿಕ್ಲಿನ್ ಚಟ ಬಿಡಿಸುವಲ್ಲಿ ಪರಿಣಾಮಕಾರಿ ಎಂದು ಗೊತ್ತಿದ್ದರೂ, ಅದನ್ನು ತೆಗೆದುಕೊಂಡವರಲ್ಲಿ ಖಿನ್ನತೆ, ಆತ್ಮಹತ್ಯೆಯ ಯೋಚನೆಗಳು ವರದಿಯಾದದ್ದರಿಂದ 2009ರಲ್ಲಿ ಅಮೆರಿಕದ ಔಷಧ ಆಡಳಿತ ಅದರ ಮೇಲೆ ಅತ್ಯಂತ ಗಂಭೀರ ದರ್ಜೆಯ ಎಚ್ಚರಿಕೆಯನ್ನು ಅಚ್ಚು ಹಾಕಿಸಿತು. ಆ ಎಚ್ಚರಿಕೆ ಅಂದಿನ ಮಾಹಿತಿಯಲ್ಲಿ ತಪ್ಪೆಂದು ಹೇಳಲಾರೆ. ಅದರ ಫಲವಾಗಿ, ಯಾರಿಗೆ ಆ ಮಾತ್ರೆಯ ಅಗತ್ಯ ಎಲ್ಲರಿಗಿಂತ ಹೆಚ್ಚಿತ್ತೋ ಅವರಿಗೇ ಅದನ್ನು ಬರೆದುಕೊಡಲು ವೈದ್ಯರು ಹಿಂಜರಿಯುವಂತಾಯಿತು. ಔಷಧ ಆಡಳಿತ ಅಷ್ಟಕ್ಕೆ ಕೈಕಟ್ಟಿ ಕೂರದೆ ತಯಾರಕರಿಗೆ ದೊಡ್ಡ ಪ್ರಯೋಗವೊಂದನ್ನು ಕಡ್ಡಾಯಗೊಳಿಸಿತು. 8,144 ಮಂದಿ ಭಾಗವಹಿಸಿದ, ಅವರಲ್ಲಿ ಅರ್ಧದಷ್ಟು ಮಂದಿ ಮನೋರೋಗದ ಹಿನ್ನೆಲೆಯವರೇ ಆಗಿದ್ದ ಆ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿಗಾಗಲಿ ಔಷಧವಿಲ್ಲದ ಖಾಲಿ ಮಾತ್ರೆಗಾಗಲಿ ಹೋಲಿಸಿದರೆ ಮನಸ್ಸಿನ ಮೇಲಿನ ದುಷ್ಪರಿಣಾಮಗಳಲ್ಲಿ ಗಣನೀಯ ಹೆಚ್ಚಳವಿಲ್ಲ ಎಂದು ಅದು ತೋರಿಸಿತು, ಅದೇ ಡಿಸೆಂಬರ್‌ನಲ್ಲಿ ಎಚ್ಚರಿಕೆಯನ್ನು ತೆಗೆದುಹಾಕಲಾಯಿತು. ಮಾತ್ರೆ ಮಾರುಕಟ್ಟೆಗೆ ಬರುವ ಮೊದಲಿನ ಪ್ರಯೋಗಗಳಲ್ಲೇ ಇಂಥ ರೋಗಿಗಳು ಸಾಕಷ್ಟು ಸಂಖ್ಯೆಯಲ್ಲಿ ಇದ್ದಿದ್ದರೆ ಆ ಏಳು ವರ್ಷಗಳ ಭಯಕ್ಕೆ ಆಸ್ಪದವಿರುತ್ತಿರಲಿಲ್ಲ.

ಹೊರಗಿಟ್ಟವರು ನಿಯಮದಲ್ಲೂ ಹೊರಗೇ ಉಳಿಯುತ್ತಾರೆ ಎಂಬುದಕ್ಕೆ ಕ್ಯಾನ್ಸರ್ ತಪಾಸಣೆ ಮತ್ತೊಂದು ಸಾಕ್ಷಿ. ಕಡಿಮೆ ವಿಕಿರಣದ ಸಿ.ಟಿ. ಸ್ಕ್ಯಾನ್‌ನಿಂದ ಶ್ವಾಸಕೋಶದ ಕ್ಯಾನ್ಸರಿನ ಸಾವುಗಳನ್ನು ಶೇ. 20ರಷ್ಟು ತಗ್ಗಿಸಬಹುದೆಂದು 2011ರಲ್ಲಿ ತೋರಿಸಿದ ಅಮೆರಿಕದ ಪ್ರಯೋಗದಲ್ಲಿ 53,454 ಮಂದಿ ಇದ್ದರು. ಅವರಲ್ಲಿ ಕಪ್ಪು ಜನರು ನೂರಕ್ಕೆ ಐದರಷ್ಟೂ ಇರಲಿಲ್ಲ. ಅದನ್ನು ಆಧರಿಸಿ 2013ರಲ್ಲಿ ಬಂದ ಶಿಫಾರಸು 55 ವರ್ಷ ದಾಟಿದ, ದಿನಕ್ಕೊಂದು ಪ್ಯಾಕಿನಂತೆ 30 ವರ್ಷ ಸೇದಿದ್ದಕ್ಕೆ ಸಮನಾದ ಲೆಕ್ಕವಿರುವವರಿಗೆ ತಪಾಸಣೆ ಎಂದಿತು. ಕಪ್ಪು ಜನರು ದಿನಕ್ಕೆ ಕಡಿಮೆ ಸಿಗರೇಟು ಸೇದಿಯೂ, ಕಡಿಮೆ ವಯಸ್ಸಿನಲ್ಲೇ ಈ ಕ್ಯಾನ್ಸರಿಗೆ ತುತ್ತಾಗುತ್ತಾರೆ ಎಂಬುದು ಆಗಲೇ ತಿಳಿದ ವಿಷಯವಾಗಿತ್ತು. ಲೆಕ್ಕ ಎಲ್ಲರಿಗೂ ಒಂದೇ ಆಗಿತ್ತು, ಬಾಗಿಲು ಮಾತ್ರ ಎಲ್ಲರಿಗೂ ಒಂದೇ ಸಮನಾಗಿ ತೆರೆಯಲಿಲ್ಲ. 2021ರಲ್ಲಿ ಮಿತಿಯನ್ನು 50 ವರ್ಷಕ್ಕೂ ದಿನಕ್ಕೊಂದು ಪ್ಯಾಕಿನ ಅದೇ ಲೆಕ್ಕದ 20 ವರ್ಷಕ್ಕೂ ಇಳಿಸಿದಾಗ ಅಂತರ ಸ್ವಲ್ಪ ತಗ್ಗಿತು.

ಹೊಗೆರಹಿತ ತಂಬಾಕಿನ ಬಗ್ಗೆ ಆಗಿರುವ ಸಂಶೋಧನೆ ಇನ್ನೂ ಬಡವಾಗಿದೆ. ಜಗಿಯುವ, ಮೂಗಿಗೇರಿಸುವ, ವಸಡಿನಡಿ ಇಟ್ಟುಕೊಳ್ಳುವ ತಂಬಾಕು ಬಳಸುವವರಲ್ಲಿ ಬಹುಪಾಲು ದಕ್ಷಿಣ ಏಷ್ಯಾದವರು. ಜಗತ್ತಿನ ತಂಬಾಕು ಸಂಶೋಧನೆಯಲ್ಲಿ ಬಹುಪಾಲು ಸಿಗರೇಟಿನ ಬಗ್ಗೆ. ಈ ಉತ್ಪನ್ನಗಳಲ್ಲಿರುವ ಕ್ಯಾನ್ಸರ್‌ಕಾರಕ ನೈಟ್ರೋಸಮೈನ್‌ಗಳ ಪ್ರಮಾಣ ಎಲೆ ಒಣಗಿಸುವ, ಹುದುಗಿಸುವ, ಶೇಖರಿಸುವ ವಿಧಾನಗಳಿಗೆ ತಕ್ಕಂತೆ ಅಗಾಧವಾಗಿ ಬದಲಾಗುತ್ತದೆ. ಅಂದರೆ ತಯಾರಿಕೆಯ ಹಂತದಲ್ಲೇ ಅದನ್ನು ತಗ್ಗಿಸಲು ಸಾಧ್ಯ. ಒಣತೂಕದ ಒಂದು ಗ್ರಾಂಗೆ 2 ಮೈಕ್ರೋಗ್ರಾಂ ಮೀರಬಾರದೆಂಬ ಮಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ ತಂಡ ಹಿಂದೆಯೇ ಸೂಚಿಸಿದೆ. ಇಂಥ ಮಿತಿ ಬಂದರೆ ಕಂಪನಿಗಳು ಅದನ್ನೇ ‘ಸುರಕ್ಷಿತ’ ಎಂದು ಸಾರಿಕೊಳ್ಳದಂತೆ ಬಾಯಿ ಕಟ್ಟಬೇಕಾಗುತ್ತದೆ ಎಂಬುದು ನಿಜ. ‘ಲೈಟ್’ ಸಿಗರೇಟಿನ ಅನುಭವ ಆ ಪಾಠವನ್ನು ಕಲಿಸಿದೆ. ಬೀಡಿಗೆ ಒಂದು ತೆರಿಗೆ, ಸಿಗರೇಟಿಗೆ ಇನ್ನೊಂದು, ಜಗಿಯುವುದಕ್ಕೆ ಮತ್ತೊಂದು ಎಂಬ ಪದ್ಧತಿಯನ್ನೂ ಇಲ್ಲಿಯೇ ಪ್ರಶ್ನಿಸಬೇಕಾಗುತ್ತದೆ, ಏಕೆಂದರೆ ದುಬಾರಿಯಾದದ್ದನ್ನು ಬಿಟ್ಟವನು ಅಗ್ಗದ್ದಕ್ಕೆ ಹೋದರೆ ಅಂಕಿ ಇಳಿಯುತ್ತದೆ, ರೋಗ ಇಳಿಯುವುದಿಲ್ಲ.

ಇ-ಸಿಗರೇಟಿನ ಬಗ್ಗೆ ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಈ ಒಂದು ವಿವಾದ ಉಳಿದೆಲ್ಲ ಚರ್ಚೆಯನ್ನೂ ನುಂಗಿಹಾಕುತ್ತಿದೆ. ವಯಸ್ಕರು ಸಿಗರೇಟು ಬಿಡಲು ನಿಕೋಟಿನ್ ಪಟ್ಟಿ, ಚೂಯಿಂಗ್ ಗಮ್‌ಗಳಿಗಿಂತ ಅವು ಹೆಚ್ಚು ನೆರವಾಗುತ್ತವೆ ಎಂಬುದಕ್ಕೆ ಗಟ್ಟಿಯಾದ ಸಾಕ್ಷ್ಯವಿದೆ. ಎಂದೂ ಸೇದದ ಮಕ್ಕಳನ್ನು ಅವು ನಿಕೋಟಿನ್‌ಗೆ ಅಂಟಿಸುತ್ತಿವೆ ಎಂಬುದೂ ಸುಳ್ಳಲ್ಲ. ಎರಡೂ ಕಡೆಯವರು ಕೇಳದ ಪ್ರಶ್ನೆ ಇದು: ಬದಲಾಯಿಸಿಕೊಂಡು ಪಾರಾಗುತ್ತಿರುವವರು ಯಾವ ವರ್ಗದವರು, ಹೊಸದಾಗಿ ಸಿಕ್ಕಿಬೀಳುತ್ತಿರುವ ಮಕ್ಕಳು ಯಾವ ವರ್ಗದವರು?

ಈ ಪ್ರಶ್ನೆಗಳಿಗೆ ಉತ್ತರ ಹುಡುಕುವವರ ಸಂಬಳ ಯಾರು ಕೊಡುತ್ತಾರೆ ಎಂಬುದೂ ಮುಖ್ಯ. 1953ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಸೇರಿದ ಅಮೆರಿಕದ ತಂಬಾಕು ಕಂಪನಿಗಳ ಮುಖ್ಯಸ್ಥರು ತಮ್ಮದೇ ಸಂಶೋಧನಾ ಮಂಡಳಿಯನ್ನು ಕಟ್ಟುವ ತೀರ್ಮಾನ ಮಾಡಿ, ಮರುತಿಂಗಳು ಪತ್ರಿಕೆಗಳಲ್ಲಿ ಪುಟ ತುಂಬ ಪ್ರಕಟಣೆ ಕೊಟ್ಟರು. ಆನಂತರದ ದಶಕಗಳಲ್ಲಿ ಆ ಹಣದಿಂದ ಸಂದೇಹವನ್ನು ಉತ್ಪಾದಿಸುವ ವಿಜ್ಞಾನ ನಡೆಯಿತು. 2006ರಲ್ಲಿ ನ್ಯಾಯಾಧೀಶೆ ಗ್ಲ್ಯಾಡಿಸ್ ಕೆಸ್ಲರ್ ಕಂಪನಿಗಳು ದಶಕಗಳ ಕಾಲ ಜನರನ್ನು ವಂಚಿಸಿದವು ಎಂದು ತೀರ್ಪಿತ್ತರು. ನಿಮ್ಮ ಒಪ್ಪಂದದ 5.3ನೇ ವಿಧಿ ನೀತಿ ನಿರೂಪಣೆಯನ್ನು ಉದ್ಯಮದ ಹಿತಾಸಕ್ತಿಯಿಂದ ಕಾಪಾಡಬೇಕೆನ್ನುತ್ತದೆ, 20ನೇ ವಿಧಿ ಸಂಶೋಧನೆಯನ್ನು ಬೆಳೆಸಬೇಕೆನ್ನುತ್ತದೆ. ಇವೆರಡನ್ನೂ ಜೋಡಿಸಿ ಓದಿದರೆ ಬರುವ ಅರ್ಥ ಒಂದೇ: ಸಂಶೋಧನೆಗೆ ಸಾರ್ವಜನಿಕ ಹಣವೇ ಬೇಕು, ಮತ್ತು ಅದು ಕಂಪನಿಗಳಿಂದ ಶುಲ್ಕವಾಗಿ ವಸೂಲಾಗಿ ಅವರ ಕೈ ತಾಗದ ನಿಧಿಗೆ ಹೋಗಬೇಕು. ಅಮೆರಿಕದ ತಂಬಾಕು ನಿಯಂತ್ರಣ ಕೇಂದ್ರ ನಡೆಯುವುದೇ ಕಂಪನಿಗಳು ಕಟ್ಟುವ ಶುಲ್ಕದಿಂದ. 2013ರಿಂದ ಅಲ್ಲಿ ನಿಯಂತ್ರಣಕ್ಕೆ ಬೇಕಾದ ವಿಜ್ಞಾನಕ್ಕೆಂದೇ ವಿಶ್ವವಿದ್ಯಾಲಯಗಳಲ್ಲಿ ಕೇಂದ್ರಗಳಿಗೆ ಅನುದಾನ ಹೋಗಿದೆ. ಆ ಮಾದರಿಯಲ್ಲಿ ಅನುಕರಿಸಬೇಕಾದದ್ದು ಹಣದ ವ್ಯವಸ್ಥೆ. ಅಲ್ಲಿ ಕಂಡ ವಿಳಂಬವನ್ನಲ್ಲ.

ಕೊನೆಯದಾಗಿ, ನಿಮ್ಮ ಕೈಯಲ್ಲೇ ಇರುವ, ಹೊಸ ಕಾಯಿದೆಯನ್ನೂ ಬೇಡದ ಒಂದು ಕೆಲಸ. 21ನೇ ವಿಧಿಯಂತೆ ನೀವು ಎರಡು ವರ್ಷಕ್ಕೊಮ್ಮೆ ಒಪ್ಪಂದದ ಕಾರ್ಯಾಲಯಕ್ಕೆ ವರದಿ ಸಲ್ಲಿಸುತ್ತೀರಿ. ಮುಂದಿನ ವರದಿಯಲ್ಲಿ ತಂಬಾಕು ಬಳಕೆಯ ಪ್ರಮಾಣವನ್ನು ಆದಾಯ, ಶಿಕ್ಷಣ, ಉದ್ಯೋಗ, ಮಾನಸಿಕ ಆರೋಗ್ಯ ಹಾಗೂ ಸಮುದಾಯಗಳ ವಿಂಗಡಣೆಯೊಂದಿಗೆ, ಪ್ರತಿ ಬಗೆಯ ಉತ್ಪನ್ನಕ್ಕೂ ಬೇರೆ ಬೇರೆಯಾಗಿ ಕೊಡಿ. ಮೇಲಿನ ಮತ್ತು ಕೆಳಗಿನ ಆದಾಯ ವರ್ಗಗಳ ನಡುವಿನ ವ್ಯತ್ಯಾಸವನ್ನು ಮೊದಲ ಪುಟದಲ್ಲೇ ನಮೂದಿಸಿ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಗೆ ಸೇರಿದ, ಚಟ ಬಿಡಿಸುವ ವ್ಯಾರೆನಿಕ್ಲಿನ್, ಬುಪ್ರೊಪಿಯಾನ್ ಮಾತ್ರೆಗಳು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಎಷ್ಟರಲ್ಲಿ ಉಚಿತವಾಗಿ ಸಿಗುತ್ತವೆ ಎಂಬ ಸಂಖ್ಯೆಯನ್ನು ಅದರ ಕೆಳಗೆ ಬರೆಯಿರಿ. ಕಳೆದ ಎರಡು ವರ್ಷಗಳಲ್ಲಿ ಮಾಡಿದ ಪ್ರತಿ ನಿಯಮದ ಎದುರಿಗೆ ಆ ವ್ಯತ್ಯಾಸ ಹಿಗ್ಗಿತೋ ತಗ್ಗಿತೋ ಎಂಬ ಉತ್ತರವಿರಲಿ, ಮತ್ತು ಆ ವರದಿಯನ್ನು ಜಿನೀವಾಕ್ಕೆ ಕಳುಹಿಸುವ ದಿನವೇ ನಿಮ್ಮ ನಿಮ್ಮ ಜನರ ಭಾಷೆಯಲ್ಲಿ ಪ್ರಕಟಿಸಿ.

ಇಂತಿ,
ಸಾರ್ವಜನಿಕ ಆರೋಗ್ಯದ ಕಾಳಜಿಯುಳ್ಳ ಒಬ್ಬ ನಾಗರಿಕ